ಅಂತರ್ಜಾಲದ ಸಂತೆಯಲ್ಲಿ ನಮ್ಮೂರ ಟ್ಯೂಷನ್ ಕೇಂದ್ರ

(ರಂಗಂಪೇಟೆಯಲ್ಲಿ ಟ್ಯೂಷನ್ ಹಾಗೂ ಕೋಚಿಂಗ್ ತರಗತಿಗಳನ್ನು ನಡೆಸುವ ಶಿಕ್ಷಕರನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)





ನಮ್ಮನ್ನು ಇಲ್ಲಿಗೆ ಕರೆದವರು ಒಂದು ಸರಳ ಪ್ರಶ್ನೆಯನ್ನು ಮುಂದಿಟ್ಟಿದ್ದಾರೆ. ಈ ಪಟ್ಟಣದಲ್ಲಿ ಹಲವು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿರುವ ಶಿಕ್ಷಕರಿದ್ದಾರೆ. ಅವರಲ್ಲಿ ಕೆಲವರು ಕೈಯಿಂದ ಹಣ ಹಾಕಿ ಜಾಲತಾಣವನ್ನೂ ಮಾಡಿಸಿಕೊಂಡಿದ್ದಾರೆ. ಆದರೆ ಪಕ್ಕದ ಓಣಿಯ ತಂದೆಯೊಬ್ಬರು ತಮ್ಮ ಮಗಳಿಗಾಗಿ ಮೊಬೈಲಿನಲ್ಲಿ ಟ್ಯೂಷನ್ ಹುಡುಕಿದರೆ ಆ ತಾಣ ಕಾಣುವುದೇ ಇಲ್ಲ. ಕಾಣುವುದು ಕೋಟಾ, ಹೈದರಾಬಾದ್, ಬೆಂಗಳೂರಿನ ದೊಡ್ಡ ಸಂಸ್ಥೆಗಳು. ಹೀಗೇಕೆ? ಇದಕ್ಕೆ ಪರಿಹಾರವೇನು?

ಧಾರ್ಮಿಕ ಸಭೆಗಳಲ್ಲಿ ಮಾತನಾಡುವವರು ಇಂತಹ ‘ದುನ್ಯಾ’ದ ವಿಷಯವನ್ನು ಕೈಗೆತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ವ್ಯಾಪಾರವೂ ಅಳತೆಯೂ ಸಾಕ್ಷ್ಯವೂ ಕುರ್‌ಆನಿನ ವಿಷಯಗಳೇ. ಇಂದು ಈ ಮೂರೂ ಮೊಬೈಲಿನ ಪರದೆಯ ಮೇಲೆ ನಡೆಯುತ್ತಿವೆ, ಅಷ್ಟೇ ವ್ಯತ್ಯಾಸ.

ಮೊದಲು, ಈ ಪ್ರಶ್ನೆ ಎಷ್ಟು ಗಂಭೀರವಾದುದೆಂದು ನೋಡೋಣ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83. ಇದು ರಾಜ್ಯದಲ್ಲೇ ಅತ್ಯಂತ ಕಡಿಮೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ಉತ್ತೀರ್ಣರಾದವರು ಶೇಕಡಾ 50.59. ಪರೀಕ್ಷೆಗೆ ಕುಳಿತ ಇಬ್ಬರು ಮಕ್ಕಳಲ್ಲಿ ಒಬ್ಬರು ಖಾಲಿ ಕೈಯಲ್ಲಿ ಮನೆಗೆ ಮರಳಿದರು. ಇನ್ನೊಂದೆಡೆ ಸಂವಿಧಾನದ 371(ಜೆ) ವಿಧಿಯು 2013ರಿಂದ ಜಾರಿಯಲ್ಲಿದೆ. ಅದರಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲಾಗಿವೆ. ವೈದ್ಯಕೀಯ ಕಾಲೇಜಿನ ಸೀಟು ಕಾಗದದ ಮೇಲೆ ನಮ್ಮ ಮಕ್ಕಳಿಗಾಗಿ ಕಾದಿದೆ, ಆದರೆ ಹತ್ತನೆಯ ತರಗತಿಯ ಗಣಿತದಲ್ಲೇ ಎಡವಿದ ಮಗು ಅಲ್ಲಿಗೆ ತಲುಪುವುದಾದರೂ ಹೇಗೆ?

ಇದು ಮೂಲತಃ ಸರಕಾರದ ಹೊಣೆ. ಶಾಲೆಯಲ್ಲಿ ಗಣಿತದ ಶಿಕ್ಷಕರಿದ್ದಿದ್ದರೆ ಟ್ಯೂಷನ್ನಿನ ಅಗತ್ಯವೇ ಇರುತ್ತಿರಲಿಲ್ಲ. ಖಾಲಿ ಬಿದ್ದ ಹುದ್ದೆಯನ್ನು ಮಾರುಕಟ್ಟೆ ತುಂಬಿಕೊಳ್ಳಲಿ ಎಂದು ಆಳುವವರು ಕೈಕಟ್ಟಿ ಕುಳಿತಿರುವುದನ್ನು ನಾವು ಒಪ್ಪಿಕೊಳ್ಳಬೇಕಿಲ್ಲ; ಅದನ್ನು ಪ್ರಶ್ನಿಸುವುದನ್ನು ನಿಲ್ಲಿಸಲೂಬಾರದು. ಆದರೆ ಸರಕಾರ ಎಚ್ಚರಗೊಳ್ಳುವ ತನಕ ಹತ್ತನೆಯ ತರಗತಿಯ ಮಗು ಕಾಯುವುದಿಲ್ಲ. ಈ ನಡುವಿನ ಕಾಲದಲ್ಲಿ ಆ ಮಗುವಿನ ಕೈಹಿಡಿಯುವವರು ರಂಗಂಪೇಟೆ, ಸುರಪುರದ ಮನೆ ಮಹಡಿಗಳಲ್ಲಿ ಇಪ್ಪತ್ತು ಮೂವತ್ತು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುವ ಯುವಕ ಯುವತಿಯರು. ಅವರು ಕಣ್ಣಿಗೆ ಬೀಳದೆ ಹೋದಾಗ ಪೋಷಕರು ಏನು ಮಾಡುತ್ತಾರೆ? ಪರದೆಯ ಮೇಲೆ ಮೊದಲು ಕಂಡ ಜಾಹೀರಾತನ್ನು ನಂಬುತ್ತಾರೆ. ಒಡವೆ ಅಡವಿಡುತ್ತಾರೆ. ಇನ್ನೂ ಬೀಜಗಣಿತದ ತಳಹದಿಯೇ ಗಟ್ಟಿಯಾಗದ ಮಗುವನ್ನು ದೂರದ ನಗರದ ಹಾಸ್ಟೆಲಿಗೆ ಕಳಿಸುತ್ತಾರೆ. ಎರಡು ಓಣಿ ಆಚೆ ಕೆಲವು ನೂರು ರೂಪಾಯಿಗೆ ಸಿಗಬಹುದಾಗಿದ್ದ ಸಹಾಯಕ್ಕೆ ಲಕ್ಷ ರೂಪಾಯಿಯ ಸಾಲ ತಲೆಯ ಮೇಲೆ ಬರುತ್ತದೆ. ಆದುದರಿಂದ ಜಾಲತಾಣ ಕಾಣಿಸದಿರುವುದು ಶಿಕ್ಷಕರೊಬ್ಬರ ಆದಾಯದ ಪ್ರಶ್ನೆ ಮಾತ್ರವಲ್ಲ.

ಇನ್ನು ಸರ್ಚ್ ಎಂಜಿನ್, ಅಂದರೆ ಶೋಧ ಯಂತ್ರ, ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಅದು ಮೂರು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಕೊಂಡಿಯಿಂದ ಕೊಂಡಿಗೆ ಸಾಗುತ್ತಾ ಜಗತ್ತಿನ ಪುಟಗಳನ್ನು ಸುತ್ತಿ ಓದುತ್ತದೆ. ಬಳಿಕ ಓದಿದ್ದನ್ನು ತನ್ನ ಸೂಚಿಯಲ್ಲಿ ದಾಖಲಿಸುತ್ತದೆ. ಯಾರಾದರೂ ಪ್ರಶ್ನೆ ಕೇಳಿದಾಗ ಆ ಸೂಚಿಯಿಂದ ಪುಟಗಳನ್ನು ಆಯ್ದು, ಒಂದರ ಕೆಳಗೊಂದರಂತೆ ಕ್ರಮವಾಗಿ ಜೋಡಿಸಿ ಮುಂದಿಡುತ್ತದೆ. ಈ ಕ್ರಮ ಹೇಗೆ ನಿರ್ಧಾರವಾಗುತ್ತದೆ ಎಂಬುದೇ ಎಲ್ಲರ ಕುತೂಹಲ.

1998ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಎಂಬ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಗೂಗಲ್ ಸಂಸ್ಥೆಯನ್ನು ಆರಂಭಿಸಿದಾಗ ಅವರ ಮುಖ್ಯ ಚಿಂತನೆ ಇದಾಗಿತ್ತು: ಒಂದು ಪುಟ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂಬುದಕ್ಕಿಂತ, ಇತರ ಪುಟಗಳು ಅದರತ್ತ ಬೆರಳು ತೋರಿಸುತ್ತಿವೆಯೇ ಎಂಬುದನ್ನು ನೋಡಬೇಕು. ಬೆರಳು ತೋರಿಸುವವರೆಲ್ಲರೂ ಸಮಾನರಲ್ಲ. ಸ್ವತಃ ವಿಶ್ವಾಸಾರ್ಹವಾದ ಪುಟದ ಕೊಂಡಿಗೆ ಹೆಚ್ಚು ತೂಕ. ವಿದ್ವಾಂಸರು ತಮ್ಮ ಪ್ರಬಂಧಗಳಲ್ಲಿ ಪರಸ್ಪರರನ್ನು ಉಲ್ಲೇಖಿಸುವ ಪದ್ಧತಿಯಿಂದ ಅವರು ಇದನ್ನು ಪಡೆದರು. ಮದ್ರಸಗಳಲ್ಲಿ ಹದೀಸ್ ಶಾಸ್ತ್ರವನ್ನು ಓದಿದವರಿಗೆ ಇದು ಹೊಸತೆನಿಸದು. ಮಾತು ಎಷ್ಟೇ ಸುಂದರವಾಗಿರಲಿ, ಅದನ್ನು ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಅವರ ಪ್ರಾಮಾಣಿಕತೆ ಎಂತಹದು, ಸ್ಮರಣೆ ಎಂತಹದು ಎಂದು ಪರೀಕ್ಷಿಸದೆ ಮುಹದ್ದಿಸರು ಅದನ್ನು ಸ್ವೀಕರಿಸುತ್ತಿರಲಿಲ್ಲ. ಸನದು ಇಲ್ಲದ ಮಾತಿಗೆ ಬೆಲೆಯಿರಲಿಲ್ಲ. ಯಂತ್ರಕ್ಕೆ ಮನುಷ್ಯನ ತಖ್ವಾ ಅಳೆಯಲು ಬರುವುದಿಲ್ಲ ನಿಜ. ಇಂದು ಅದು ಕೊಂಡಿಗಳಲ್ಲದೆ ನೂರಾರು ಇತರ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೂ ಅದು ಹುಡುಕುತ್ತಿರುವುದು ಸಾಕ್ಷ್ಯವನ್ನೇ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಈಗ ನಮ್ಮ ಊರಿಗೆ ಬರೋಣ. ನಮ್ಮ ಮೊದಲ ಕಷ್ಟ ನಮ್ಮ ಹೆಸರೇ. ರಂಗಂಪೇಟೆ ಎಂದರೆ ಯಾವ ರಂಗಂಪೇಟೆ? ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯಲ್ಲಿ ಇದೇ ಹೆಸರಿನ ಮಂಡಲವೇ ಇದೆ. ತಿರುಪತಿಯ ಬಳಿ ಎ. ರಂಗಂಪೇಟೆ ಇದೆ, ಚಿತ್ರನಟ ಮೋಹನ್ ಬಾಬು ಸ್ಥಾಪಿಸಿದ ದೊಡ್ಡ ವಿದ್ಯಾಸಂಸ್ಥೆ ಇರುವುದು ಅಲ್ಲಿಯೇ. ನಿಮ್ಮ ಪುಟದಲ್ಲಿ ಬರೀ ‘ರಂಗಂಪೇಟೆ’ ಎಂದಿದ್ದರೆ, ಯಂತ್ರವು ಆ ದೊಡ್ಡ ಸಂಸ್ಥೆಯ ನೆರಳಿನಲ್ಲಿ ನಿಮ್ಮನ್ನು ಮರೆತುಬಿಟ್ಟರೆ ಆಶ್ಚರ್ಯವಿಲ್ಲ. ಇನ್ನು ಸುರಪುರದ ವಿಷಯ. ಕನ್ನಡದಲ್ಲಿ ನಾವು ಸುರಪುರ ಎನ್ನುತ್ತೇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇಂಗ್ಲಿಷಿನಲ್ಲಿ ಬರೆದದ್ದು ‘ಶೋರಾಪುರ’ ಎಂದು. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರು ಇಂದಿಗೂ ಅದೇ. ಕೆಲವರು ‘ಸುರ್ಪುರ್’ ಎಂದೂ ಕೆಲವರು ‘ಸುರಾಪುರ’ ಎಂದೂ ಇಂಗ್ಲಿಷ್ ಅಕ್ಷರಗಳನ್ನು ಜೋಡಿಸುತ್ತಾರೆ. ದಖನಿ ಮಾತಾಡುವ ನಮ್ಮ ಮನೆಗಳ ಹುಡುಗರು ಉರ್ದುವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಾರೆ. ಹಿರಿಯರು ಮೈಕಿನ ಗುಂಡಿ ಒತ್ತಿ ಬಾಯಿಯಿಂದಲೇ ಕೇಳುತ್ತಾರೆ. ಯಾರು ಹೇಗೆ ಕೇಳಿದರೂ ಉತ್ತರ ಸಿಗಬೇಕಾದರೆ ಪುಟದ ಮೊದಲ ಸಾಲುಗಳಲ್ಲೇ ಪೂರ್ಣ ವಿಳಾಸವಿರಬೇಕು: ರಂಗಂಪೇಟೆ, ಸುರಪುರ ತಾಲೂಕು, ಯಾದಗಿರಿ ಜಿಲ್ಲೆ, ಕರ್ನಾಟಕ, ಪಿನ್‌ಕೋಡ್ ಸಹಿತ. ಇದನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಸಾಧ್ಯವಾದರೆ ಉರ್ದುವಿನಲ್ಲಿ ಒಮ್ಮೆ ಬರೆಯಿರಿ. ‘ಶೋರಾಪುರ ಎಂದೂ ಕರೆಯಲ್ಪಡುವ ಸುರಪುರ’ ಎಂದು ಒಂದು ಸಹಜ ವಾಕ್ಯದಲ್ಲಿ ಸೇರಿಸಿದರೆ ಸಾಕು. ಹತ್ತು ಕಾಗುಣಿತಗಳನ್ನು ಪುಟದ ಬುಡದಲ್ಲಿ ರಾಶಿ ಹಾಕಬೇಡಿ. ಯಂತ್ರವು ಅದನ್ನು ವಂಚನೆಯೆಂದೇ ಪರಿಗಣಿಸುತ್ತದೆ.

ಎರಡನೆಯ ಕಷ್ಟ ಅಕ್ಷರದ್ದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಜಾಲತಾಣ ಮಾಡಿಕೊಡುವವರು ಇದನ್ನು ಹೇಳುವುದೇ ಇಲ್ಲ. ನಮ್ಮ ಕರಪತ್ರಗಳು ಡಿಟಿಪಿ ಅಂಗಡಿಯಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ತಯಾರಾಗುತ್ತವೆ. ಆ ಹಳೆಯ ವಿಧಾನದಲ್ಲಿ ಕಂಪ್ಯೂಟರಿನ ಒಳಗೆ ಇರುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ಮುಖವಾಡ ಹಾಕಲಾಗಿರುತ್ತದೆ. ಕಣ್ಣಿಗೆ ‘ಗಣಿತ’ ಎಂದು ಕಂಡರೂ ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ಗೋಜಲು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಅದರಲ್ಲಿ ಬರೆದುದನ್ನು ಮಾತ್ರ ಹುಡುಕಲು ಸಾಧ್ಯ. ನುಡಿ, ಬರಹಗಳಲ್ಲೂ ಯುನಿಕೋಡ್ ಆಯ್ಕೆ ಇದೆ. ಹಳೆಯದನ್ನು ಪರಿವರ್ತಿಸುವ ಉಚಿತ ಸಾಧನಗಳೂ ಇವೆ. ಉರ್ದುವಿನಲ್ಲಿ ಹಳೆಯ ಇನ್‌ಪೇಜ್ ಕಡತಗಳದ್ದೂ ಇದೇ ಕಥೆ. (ಇದು ಟ್ಯೂಷನ್ ಕೇಂದ್ರಗಳ ಸಮಸ್ಯೆ ಮಾತ್ರವಲ್ಲ. ಕನ್ನಡದ ಅದೆಷ್ಟೋ ಪತ್ರಿಕೆಗಳ ಹಳೆಯ ಸಂಚಿಕೆಗಳು ಇದೇ ಕಾರಣದಿಂದ ಅಂತರ್ಜಾಲದಲ್ಲಿದ್ದೂ ಇಲ್ಲದಂತಾಗಿವೆ. ಒಂದು ಭಾಷೆಯ ಇಷ್ಟು ವರ್ಷಗಳ ದುಡಿಮೆ ಹೀಗೆ ಕತ್ತಲಲ್ಲಿರುವುದು ಖೇದಕರ.)

ಇದರ ಜೊತೆಗೇ ಬರುವ ಇನ್ನೊಂದು ಅಭ್ಯಾಸವೆಂದರೆ ಕರಪತ್ರದ ಚಿತ್ರವನ್ನೇ ತಂದು ಜಾಲತಾಣದಲ್ಲಿ ಅಂಟಿಸುವುದು. ಶುಲ್ಕ, ಸಮಯ, ವಿಷಯ ಎಲ್ಲವೂ ಬಣ್ಣಬಣ್ಣದ ಚಿತ್ರದೊಳಗೆ. ಚಿತ್ರದೊಳಗಿನ ಅಕ್ಷರವನ್ನು ಯಂತ್ರವು ಪುಟದ ಬರಹದಂತೆ ಓದುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಚಿತ್ರ ಇರಲಿ, ಆದರೆ ಅದರಲ್ಲಿರುವ ಪ್ರತಿಯೊಂದು ಮಾಹಿತಿ ಕೆಳಗೆ ಅಕ್ಷರ ರೂಪದಲ್ಲೂ ಇರಲಿ. ಭಾರವಾದ ಚಿತ್ರಗಳಿಂದ ಪುಟ ತೆರೆಯುವುದೂ ತಡವಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ ಸ್ಥಿತಿ ನಿಮಗೇ ಗೊತ್ತು. ಗೂಗಲ್ ಈಗ ತಾಣಗಳನ್ನು ಮೊಬೈಲಿನಲ್ಲಿ ಕಾಣುವ ರೂಪದಲ್ಲೇ ಓದುತ್ತದೆ ಎಂಬುದನ್ನೂ ಗಮನಿಸಿರಿ.

ಒಂದು ಸಣ್ಣ ಪರೀಕ್ಷೆಯನ್ನು ಇಂದೇ ಮಾಡಬಹುದು. ಗೂಗಲ್‌ನಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ವಿವರಣ ಚಿಹ್ನೆ ಅಂದರೆ ಎರಡು ಚುಕ್ಕಿ ಇಟ್ಟು, ಜಾಗ ಬಿಡದೆ ನಿಮ್ಮ ತಾಣದ ವಿಳಾಸ ಬರೆಯಿರಿ. ಏನೂ ಬರದಿದ್ದರೆ ಯಂತ್ರವು ನಿಮ್ಮ ತಾಣವನ್ನು ಬಹುಶಃ ದಾಖಲಿಸಿಕೊಂಡೇ ಇಲ್ಲ. ಬಹಳಷ್ಟು ಸಲ ಕಾರಣ ಕ್ಷುಲ್ಲಕವಾಗಿರುತ್ತದೆ. ವರ್ಡ್‌ಪ್ರೆಸ್‌ನಲ್ಲಿ ತಾಣ ಕಟ್ಟುವಾಗ ಶೋಧ ಯಂತ್ರಗಳು ಬರುವುದು ಬೇಡ ಎಂದು ಸೂಚಿಸುವ ಒಂದು ಚೌಕವಿದೆ. ಕೆಲಸ ಮುಗಿಯುವ ತನಕ ಅದಕ್ಕೆ ಗುರುತು ಹಾಕಿಟ್ಟವರು ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಅಂಗಡಿ ತೆರೆದು ಬಾಗಿಲಿಗೆ ‘ರಜೆ’ ಎಂಬ ಫಲಕ ತೂಗುಹಾಕಿದಂತೆ. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ತಾಣವನ್ನು ಸೇರಿಸಿಕೊಂಡರೆ ಇಂತಹ ಅಡ್ಡಿಗಳು ತಿಳಿಯುತ್ತವೆ. ಜನ ಯಾವ ಪದಗಳಿಂದ ಹುಡುಕಿ ನಿಮ್ಮಲ್ಲಿಗೆ ಬಂದರೆಂಬುದೂ ತಿಳಿಯುತ್ತದೆ.

ಪದಗಳ ಮಾತು ಬಂತು. ನಮ್ಮ ಸಂಸ್ಥೆಗಳ ಪುಟಗಳಲ್ಲಿ ‘ಉತ್ಕೃಷ್ಟತೆಯತ್ತ ಹೆಜ್ಜೆ’, ‘ಉಜ್ವಲ ಭವಿಷ್ಯದ ಹೆಬ್ಬಾಗಿಲು’ ಇತ್ಯಾದಿ ಇರುತ್ತವೆ. ಯಾವ ತಾಯಿಯೂ ಉಜ್ವಲ ಭವಿಷ್ಯದ ಹೆಬ್ಬಾಗಿಲನ್ನು ಹುಡುಕುವುದಿಲ್ಲ. ಆಕೆ ಹುಡುಕುವುದು ‘ಹತ್ತನೇ ತರಗತಿ ಗಣಿತ ಟ್ಯೂಷನ್ ಸುರಪುರ’, ‘ನವೋದಯ ಪರೀಕ್ಷೆ ಕೋಚಿಂಗ್ ಶುಲ್ಕ’, ‘ಮೊರಾರ್ಜಿ ಪ್ರವೇಶ ಪರೀಕ್ಷೆ ತಯಾರಿ’, ‘ಹುಡುಗಿಯರಿಗೆ ಪ್ರತ್ಯೇಕ ಬ್ಯಾಚ್’. ಅವರ ಮಾತಿನಲ್ಲೇ ಬರೆಯಿರಿ. ನಿಮ್ಮಲ್ಲಿಗೆ ಬರುವ ಪೋಷಕರು ಮೊದಲ ಭೇಟಿಯಲ್ಲಿ ಕೇಳುವ ಹತ್ತು ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆ ಹತ್ತು ಪ್ರಶ್ನೆಗಳೂ ಅವುಗಳ ಉತ್ತರಗಳೂ ನಿಮ್ಮ ಜಾಲತಾಣವಾಗಲಿ. ಒಂದೊಂದು ಕೋರ್ಸಿಗೆ ಒಂದೊಂದು ಪುಟ. ಪುಟದ ಶೀರ್ಷಿಕೆಯಲ್ಲಿ ಕೋರ್ಸಿನ ಹೆಸರು ಮತ್ತು ಊರಿನ ಹೆಸರು. ನವೋದಯ ಪರೀಕ್ಷೆಯ ಗಣಿತ ಭಾಗಕ್ಕೆ ಮಕ್ಕಳು ಹೇಗೆ ತಯಾರಾಗಬೇಕೆಂದು ಸುರಪುರದ ಶಿಕ್ಷಕರೊಬ್ಬರು ಕನ್ನಡದಲ್ಲಿ ಸ್ವತಃ ಒಂದು ಪುಟ ಬರೆದರೆ ಅದಕ್ಕೆ ಸ್ಪರ್ಧಿಗಳೇ ಕಡಿಮೆ. ಇಂಗ್ಲಿಷಿನ ದೊಡ್ಡ ಪದಗಳಿಗಾಗಿ ಕೋಟಾದವರೊಂದಿಗೆ ಕಾದಾಡಿ ನೀವು ಗೆಲ್ಲಲಾರಿರಿ, ಅದರ ಅಗತ್ಯವೂ ಇಲ್ಲ. ನಿಮ್ಮನ್ನು ಹುಡುಕಬೇಕಾದವರು ಹತ್ತು ಹದಿನೈದು ಕಿಲೋಮೀಟರಿನ ಒಳಗಿದ್ದಾರೆ. 2024ರಿಂದ ಗೂಗಲ್ ಹಲವು ಪ್ರಶ್ನೆಗಳಿಗೆ ಕೃತಕ ಬುದ್ಧಿಮತ್ತೆಯಿಂದ ತಾನೇ ಉತ್ತರ ಬರೆದು ಮೇಲೆ ತೋರಿಸತೊಡಗಿದೆ. ಆ ಉತ್ತರವೂ ಯಾರೋ ಸ್ಪಷ್ಟವಾಗಿ ಬರೆದಿಟ್ಟ ಮಾಹಿತಿಯಿಂದಲೇ ಬರಬೇಕು.

ಪುಟದಲ್ಲಿ ಏನಿರಬೇಕೆಂಬುದಕ್ಕೆ ಒಂದು ಒಳ್ಳೆಯ ಪಟ್ಟಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯವೇ ಕೊಟ್ಟಿದೆ. 2024ರ ಜನವರಿಯಲ್ಲಿ ಅದು ರಾಜ್ಯಗಳಿಗೆ ಕಳುಹಿಸಿದ ಕೋಚಿಂಗ್ ಕೇಂದ್ರಗಳ ಮಾರ್ಗಸೂಚಿಯಲ್ಲಿ, ಕೇಂದ್ರದ ಜಾಲತಾಣದಲ್ಲಿ ಶಿಕ್ಷಕರ ವಿದ್ಯಾರ್ಹತೆ, ಕೋರ್ಸಿನ ವಿವರ ಮತ್ತು ಅವಧಿ, ಶುಲ್ಕ, ಮಧ್ಯದಲ್ಲಿ ಬಿಟ್ಟರೆ ಹಣ ಮರಳಿಸುವ ನಿಯಮ, ಎಷ್ಟು ಮಂದಿ ಓದಿದರು, ಅವರಲ್ಲಿ ಎಷ್ಟು ಮಂದಿ ಯಶಸ್ವಿಯಾದರು ಎಂಬುದೆಲ್ಲ ಇರಬೇಕೆಂದು ಹೇಳಲಾಗಿದೆ. ಆ ಮಾರ್ಗಸೂಚಿ ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಉದ್ದೇಶಿಸಿದ್ದು. ಹದಿನಾರು ವರ್ಷದ ಕೆಳಗಿನವರನ್ನು ಸೇರಿಸಿಕೊಳ್ಳಬಾರದು ಎಂಬ ಅಂಶವೂ ಅದರಲ್ಲಿದೆ. ಆದ್ದರಿಂದ ನಿಮ್ಮ ಕೇಂದ್ರ ಬೆಳೆಯುತ್ತಿದ್ದರೆ ರಾಜ್ಯದ ನಿಯಮವನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ನೀವು ಮೂವತ್ತು ಮಕ್ಕಳ ಶಿಕ್ಷಕರಾಗಿದ್ದರೂ ಈ ಪಟ್ಟಿಯನ್ನು ಸ್ವಇಚ್ಛೆಯಿಂದ ಪಾಲಿಸಿರಿ. ಶುಲ್ಕವನ್ನು ಬಹಿರಂಗವಾಗಿ ಬರೆಯಲು ನಮ್ಮವರು ಹಿಂಜರಿಯುತ್ತಾರೆ. ‘ಕಚೇರಿಗೆ ಬನ್ನಿ, ಮಾತಾಡೋಣ’ ಎನ್ನುತ್ತಾರೆ. ಬಡ ಪೋಷಕನಿಗೆ ಆ ಕಚೇರಿಯ ಮೆಟ್ಟಿಲು ಹತ್ತುವುದೇ ಅವಮಾನದ ಭಯ. ಶುಲ್ಕ ಇಷ್ಟು, ಕಂತು ಇಷ್ಟು, ಯತೀಮ್ ಮಕ್ಕಳಿಗೆ ರಿಯಾಯಿತಿ ಇದೆ ಎಂದು ಬರೆದುಬಿಟ್ಟರೆ ಅವನಿಗೆ ಧೈರ್ಯ ಬರುತ್ತದೆ.

ತಾಣಕ್ಕಿಂತಲೂ ಬೇಗ ಫಲ ಕೊಡುವುದು ನಕಾಶೆಯ ಮೇಲಿನ ನೋಂದಣಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಈ ವ್ಯವಸ್ಥೆಗೆ ಹಣ ಬೇಕಿಲ್ಲ. ಹತ್ತಿರದ ಕೇಂದ್ರಗಳನ್ನು ತೋರಿಸುವಾಗ ಮೂರು ಅಂಶಗಳನ್ನು ನೋಡುತ್ತೇವೆಂದು ಗೂಗಲ್ಲೇ ಹೇಳಿದೆ: ಕೇಳಿದ್ದಕ್ಕೂ ನಿಮ್ಮ ಸೇವೆಗೂ ಇರುವ ಹೊಂದಾಣಿಕೆ, ಕೇಳಿದವರಿಂದ ನಿಮ್ಮ ದೂರ, ಮತ್ತು ನಿಮ್ಮ ಪ್ರಸಿದ್ಧಿ. ಎರಡನೆಯ ಅಂಶ ಸಣ್ಣವರ ಪಾಲಿನ ದೊಡ್ಡ ಅನುಗ್ರಹ. ಕೋಟಾದ ಸಂಸ್ಥೆಗೆ ಎಷ್ಟು ಕೋಟಿ ಇದ್ದರೂ ರಂಗಂಪೇಟೆಗೆ ಹತ್ತಿರವಾಗಲು ಸಾಧ್ಯವಿಲ್ಲ. ಹೆಸರು, ವಿಳಾಸ, ಫೋನು ತಾಣದಲ್ಲೂ ನಕಾಶೆಯಲ್ಲೂ ಫಲಕದಲ್ಲೂ ಒಂದೇ ರೀತಿ ಇರಲಿ. ಫಲಕದಲ್ಲಿ ಇಲ್ಲದ ‘ನಂಬರ್ ಒನ್’, ‘ಬೆಸ್ಟ್ ಕೋಚಿಂಗ್’ ಎಂಬ ಬಾಲಗಳನ್ನು ಹೆಸರಿಗೆ ಅಂಟಿಸಬೇಡಿ. ಅದು ನಿಯಮಬಾಹಿರ, ನೋಂದಣಿಯೇ ರದ್ದಾಗಬಹುದು. ಇದೇ ವ್ಯವಸ್ಥೆಯಲ್ಲಿ ಹಿಂದೆ ಉಚಿತವಾಗಿ ಸಿಗುತ್ತಿದ್ದ ಪುಟ್ಟ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ಹಳೆಯ ಕರಪತ್ರಗಳಲ್ಲಿ ಆ ವಿಳಾಸ ಮುದ್ರಿಸಿಕೊಂಡವರು ಅದನ್ನು ಬದಲಿಸಿಕೊಳ್ಳಬೇಕು.

ಇಲ್ಲಿಗೆ ನಾವು ಅತಿ ಮುಖ್ಯವಾದ ವಿಷಯಕ್ಕೆ ಬಂದೆವು. ಪೋಷಕರು ಮತ್ತು ವಿದ್ಯಾರ್ಥಿಗಳು ಬರೆಯುವ ಅಭಿಪ್ರಾಯ, ಕೊಡುವ ನಕ್ಷತ್ರ. ಇದು ಇಂದು ಮಾರುಕಟ್ಟೆಯ ಸರಕಾಗಿದೆ. ಇಷ್ಟು ಹಣಕ್ಕೆ ಇಷ್ಟು ಐದು ನಕ್ಷತ್ರ ಎಂದು ಬಹಿರಂಗವಾಗಿ ಮಾರುವವರಿದ್ದಾರೆ. ನಮ್ಮ ಯುವಕರು ‘ಎಲ್ಲರೂ ಮಾಡುತ್ತಾರೆ, ನಾವು ಮಾಡದಿದ್ದರೆ ಹಿಂದೆ ಬೀಳುತ್ತೇವೆ’ ಎನ್ನುತ್ತಾರೆ. ಈ ವಾದಕ್ಕೆ ಉತ್ತರ ಫಿಕ್‌ಹ್ ಗ್ರಂಥಗಳಲ್ಲಿ ಮೊದಲೇ ಇದೆ. ಕೊಳ್ಳುವ ಉದ್ದೇಶವಿಲ್ಲದೆ, ಇತರರನ್ನು ಮರುಳುಗೊಳಿಸಲಿಕ್ಕಾಗಿ ಹರಾಜಿನಲ್ಲಿ ಬೆಲೆ ಏರಿಸುವುದಕ್ಕೆ ‘ನಜ್‌ಶ್’ ಎನ್ನುತ್ತಾರೆ. ಪ್ರವಾದಿ(ಸ)ರು ಅದನ್ನು ನಿಷೇಧಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ನಿಮ್ಮ ತರಗತಿಯನ್ನು ಕಂಡೇ ಇಲ್ಲದವನಿಂದ ಹೊಗಳಿಸಿಕೊಳ್ಳುವುದು ನಜ್‌ಶ್ ಅಲ್ಲದೆ ಇನ್ನೇನು? ಮೇಲಾಗಿ ಅದು ಸುಳ್ಳು ಸಾಕ್ಷ್ಯ. ಮತ್ತು ಅದನ್ನು ನಂಬಿ ತನ್ನ ಮಗುವಿನ ಒಂದು ವರ್ಷವನ್ನು ಪಣಕ್ಕಿಡುವವನು ನಿಮ್ಮದೇ ಮೊಹಲ್ಲಾದ ಕೂಲಿಕಾರ. ಗೂಗಲ್‌ನ ನಿಯಮವೂ ಖರೀದಿಸಿದ ಅಭಿಪ್ರಾಯವನ್ನು ಒಪ್ಪುವುದಿಲ್ಲ. ರಿಯಾಯಿತಿ, ಉಡುಗೊರೆಯ ಆಮಿಷವನ್ನೂ ಒಪ್ಪುವುದಿಲ್ಲ. ಸರಿಯಾದ ಮಾರ್ಗ ಕಷ್ಟದ್ದೇನೂ ಅಲ್ಲ. ಫಲಿತಾಂಶ ಬಂದ ವಾರ ಎಲ್ಲ ಪೋಷಕರಿಗೂ, ಸಂತೃಪ್ತರಿಗೂ ಅತೃಪ್ತರಿಗೂ, ಕೊಂಡಿ ಕಳುಹಿಸಿ ‘ನಿಮ್ಮ ಅನುಭವ ಬರೆಯಿರಿ’ ಎಂದು ಕೇಳಿ. ಟೀಕೆ ಬಂದರೆ ಜಗಳವಾಡದೆ ಸಭ್ಯವಾಗಿ ಉತ್ತರಿಸಿ. ಕನ್ನಡದಲ್ಲಿ ಬರೆದ ಹದಿನೈದು ನಿಜವಾದ ಮಾತುಗಳನ್ನು ಓದಿದ ತಂದೆ ಖರೀದಿಸಿದ ಇನ್ನೂರು ಹೊಗಳಿಕೆಗಳತ್ತ ತಿರುಗಿಯೂ ನೋಡುವುದಿಲ್ಲ. ಪೋಷಕರಿಗೂ ಒಂದು ಮಾತು: ಶಿಕ್ಷಕರು ನಿಮ್ಮ ಮಗುವನ್ನು ಚೆನ್ನಾಗಿ ಓದಿಸಿದ್ದರೆ ಅದನ್ನು ಎರಡು ಸಾಲು ಬರೆದು ತಿಳಿಸಲು ಸೋಮಾರಿತನ ಏಕೆ? ಸಾಕ್ಷ್ಯವನ್ನು ಬಚ್ಚಿಡಬಾರದೆಂದು ಕುರ್‌ಆನ್ ಕಲಿಸಿರುವುದು ನ್ಯಾಯಾಲಯಕ್ಕಷ್ಟೇ ಸೀಮಿತವೇ?

ಇನ್ನು ಫಲಿತಾಂಶದ ಪ್ರಚಾರ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಿದ್ದರೆ ನೆನೆದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಇಂದಿನ ಕೋಚಿಂಗ್ ಜಾಹೀರಾತುಗಳ ರಾಶಿಯೊಳಗೆ ಕೈ ಹಾಕಿದರೆ ಏನು ಸಿಗುತ್ತದೆ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಕೈ ಹಾಕಿ ನೋಡಿತು. ದೇಶದ ಪ್ರಸಿದ್ಧ ಕೋಚಿಂಗ್ ಸಂಸ್ಥೆಗಳು ಐಎಎಸ್ ರ‍್ಯಾಂಕ್ ಗಳಿಸಿದವರ ಭಾವಚಿತ್ರಗಳನ್ನು ಮೆರೆಸುತ್ತಿದ್ದವು. ಆದರೆ ಅವರಲ್ಲಿ ಹಲವರು ಆ ಸಂಸ್ಥೆಯಲ್ಲಿ ಪಡೆದುದು ಕೊನೆಯ ಹಂತದ ಸಂದರ್ಶನ ತರಬೇತಿ ಮಾತ್ರ. ಆ ಸಂಗತಿಯನ್ನು ಮರೆಮಾಡಲಾಗಿತ್ತು. 2024ರ ನವೆಂಬರ್ ವೇಳೆಗೆ ದಾರಿತಪ್ಪಿಸುವ ಜಾಹೀರಾತುಗಳಿಗಾಗಿ 18 ಸಂಸ್ಥೆಗಳಿಗೆ ಒಟ್ಟು 54.6 ಲಕ್ಷ ರೂಪಾಯಿ ದಂಡ ವಿಧಿಸಲಾಗಿತ್ತು. ಅದೇ ತಿಂಗಳ 13ರಂದು ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ನೂರಕ್ಕೆ ನೂರು ಆಯ್ಕೆಯ ಭರವಸೆ ನೀಡುವಂತಿಲ್ಲ. ಯಶಸ್ವಿ ವಿದ್ಯಾರ್ಥಿಯ ಹೆಸರನ್ನೂ ಚಿತ್ರವನ್ನೂ ಅವರ ಲಿಖಿತ ಒಪ್ಪಿಗೆಯಿಲ್ಲದೆ, ಅದೂ ಯಶಸ್ಸಿನ ನಂತರ ಪಡೆದ ಒಪ್ಪಿಗೆಯಿಲ್ಲದೆ, ಬಳಸುವಂತಿಲ್ಲ.

ಆದುದರಿಂದ ‘ಈ ವರ್ಷ 28 ಮಕ್ಕಳು ಬಂದರು, 22 ಮಂದಿ ಪಾಸಾದರು, 6 ಮಂದಿ ಆಗಲಿಲ್ಲ, ಅವರಲ್ಲಿ 4 ಮಂದಿ ಮುಂದಿನ ಪರೀಕ್ಷೆಗೆ ನಮ್ಮಲ್ಲೇ ಓದುತ್ತಿದ್ದಾರೆ’ ಎಂಬ ಧಾಟಿಯಲ್ಲಿ ಬರೆಯಿರಿ. ನೆನೆದ ಕಾಳನ್ನು ಮೇಲಿಡುವುದೆಂದರೆ ಇದೇ. ನಾಲ್ಕನೆಯ ವಾಕ್ಯ ಓದಿದ ತಾಯಿ ಫೋನ್ ಮಾಡದಿರಲಾರಳು.

ಸಾಕ್ಷ್ಯದ ಇನ್ನೊಂದು ರೂಪ ಇತರ ತಾಣಗಳ ಕೊಂಡಿ. ನಿಮ್ಮಲ್ಲಿ ಓದಿದ ಮಗು ಸೇರಿದ ಶಾಲೆಯ ಪುಟ, ಸ್ಥಳೀಯ ಪತ್ರಿಕೆಯ ವರದಿ, ಹಳೆಯ ವಿದ್ಯಾರ್ಥಿಯ ಬರಹ, ನೀವು ಉಚಿತ ಮಾರ್ಗದರ್ಶನ ಶಿಬಿರ ನಡೆಸಿಕೊಟ್ಟ ಸಂಘದ ತಾಣ, ಇವು ನಿಮ್ಮ ವಿಳಾಸ ಕೊಟ್ಟರೆ ಅದು ಸನದು. ಸಾವಿರ ಕೊಂಡಿಗಳನ್ನು ಸಗಟಾಗಿ ಮಾರುವವರಿಂದ ಕೊಳ್ಳುವುದು ‘ಮೌಝೂ’, ಅಂದರೆ ಕಟ್ಟುಕತೆಯ ಹದೀಸ್ ಇದ್ದಂತೆ. ಇಂದು ನಡೆದರೂ ನಾಳೆ ಸಿಕ್ಕಿಬೀಳುತ್ತದೆ.

ಮಧ್ಯವರ್ತಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ‘ಒಂದು ತಿಂಗಳಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ’ ಎಂದು ಫೋನ್ ಮಾಡುವವರಿಗೆ ಹಣ ಕೊಡಬೇಡಿ. ಮೊದಲ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ಲೇ ಎಚ್ಚರಿಸಿದೆ. ಕೀವರ್ಡ್ ಟ್ಯಾಗ್ ಹಾಕಿಕೊಡುತ್ತೇವೆಂದು ಹಣ ಕೇಳುವವರೂ ಇದ್ದಾರೆ. ಆ ಟ್ಯಾಗನ್ನು ತಾನು ಗಣನೆಗೆ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿತ್ತು. ತಾಣದ ಹೆಸರಿನ ನೋಂದಣಿ ಕಡ್ಡಾಯವಾಗಿ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ತಾಣ ಮಾಡಿಕೊಟ್ಟವರು ಊರು ಬಿಟ್ಟು ಹೋದರೆ ತಾಣವೂ ಅವರೊಡನೆ ಹೋಗಬಾರದು. ಪೋಷಕರು ನೆನಪಿಡಬೇಕಾದುದು: ಪರದೆಯ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಗುರುತಿರುವುದು ಹಣ ಕೊಟ್ಟು ಪಡೆದ ಸ್ಥಾನ, ಯೋಗ್ಯತೆಯಿಂದ ಬಂದದ್ದಲ್ಲ.

ಸಹೋದರಿಯರ ಕಡೆಯಿಂದ ಒಂದು ಚೀಟಿ ಬಂದಿದೆ. ಮನೆಯಲ್ಲೇ ಹೆಣ್ಣು ಮಕ್ಕಳಿಗೆ ಟ್ಯೂಷನ್ ಹೇಳುವವರು ತಮ್ಮ ಮನೆಯ ವಿಳಾಸವನ್ನೂ ಫೋನನ್ನೂ ಎಲ್ಲರಿಗೂ ಕಾಣುವಂತೆ ಹಾಕುವುದು ಸರಿಯೇ ಎಂದು ಕೇಳಿದ್ದಾರೆ. ಈ ಸಭೆಯಲ್ಲಿ ಬಂದ ಅತ್ಯಂತ ಪ್ರಾಯೋಗಿಕ ಪ್ರಶ್ನೆ ಇದು. 2022ರಲ್ಲಿ ಹಿಜಾಬ್ ವಿವಾದದ ವೇಳೆ ರಾಜ್ಯದಲ್ಲಿ ಕಾಲೇಜು ಬಿಡಬೇಕಾಗಿ ಬಂದ ಹೆಣ್ಣು ಮಕ್ಕಳಿಗೆ ಓದು ಮುಂದುವರಿಸಲು ನೆರೆಮನೆಯ ಇಂತಹ ಶಿಕ್ಷಕಿ ಎಷ್ಟು ದೊಡ್ಡ ಆಸರೆ ಎಂಬುದನ್ನು ನಾವು ಬಲ್ಲೆವು. ಆದ್ದರಿಂದ ಅವರು ಕಾಣಲೇಬೇಕು, ಆದರೆ ಅವರ ಸುರಕ್ಷತೆಗೆ ಧಕ್ಕೆಯಾಗದಂತೆ. ವಿದ್ಯಾರ್ಥಿನಿಯರ ಮನೆಗೇ ಹೋಗಿ ಪಾಠ ಹೇಳುವವರು ಗೂಗಲ್ ಪ್ರೊಫೈಲ್‌ನಲ್ಲಿ ವಿಳಾಸವನ್ನು ಮರೆಮಾಡಿ, ಸೇವೆ ನೀಡುವ ಪ್ರದೇಶವನ್ನಷ್ಟೇ ತೋರಿಸಬಹುದು. ಮನೆಯಲ್ಲೇ ಪಾಠ ಹೇಳುವವರು ನಕಾಶೆಯ ಗೊಡವೆಗೆ ಹೋಗದೆ ಒಂದು ಸರಳ ಪುಟ ಮಾಡಿಕೊಳ್ಳಲಿ; ಅದರಲ್ಲಿ ಮೊಹಲ್ಲಾದ ಹೆಸರು, ತರಗತಿ, ವಿಷಯ, ಸಮಯ, ಶುಲ್ಕ ಇರಲಿ. ಸ್ವಂತ ಭಾವಚಿತ್ರ ಬೇಕಿಲ್ಲ, ಮಕ್ಕಳ ಭಾವಚಿತ್ರವಂತೂ ಬೇಡವೇ ಬೇಡ. ಫೋನಿಗೆ ಬೇರೆಯೇ ಒಂದು ಸಿಮ್ ಇಟ್ಟುಕೊಂಡು, ತಾಯಂದಿರು ಮಾತ್ರ ಇಂತಿಂತಹ ಸಮಯದಲ್ಲಿ ಕರೆ ಮಾಡಬೇಕೆಂದು ಬರೆಯಲಿ. ಕರೆ ಮಾಡಿದ ತಾಯಿಗೆ ಮನೆಯ ಗುರುತು ಹೇಳಿದರಾಯಿತು.

ಬೇರೆ ಪ್ರಶ್ನೆಗಳಿದ್ದರೆ ಕಳುಹಿಸಿರಿ. ಇಶಾ ನಮಾಝಿಗೆ ಇನ್ನೂ ಅರ್ಧ ಗಂಟೆ ಇದೆ.